ಇನ್ನೊಮ್ಮೆ ಓದು ಮಗಾ



ಪ್ರತಿ ಸಲ ನಾವು ಇಲ್ಲಿ ಶ್ರಮದಾನದ ವರದಿ, ಕ್ರಿಸ್ಮಸ್ ಗೋದಲಿ ಸ್ಪರ್ಧೆಯ ಫಲಿತಾಂಶ, ರಕ್ತದಾನ ಶಿಬಿರದ ಸುದ್ದಿ ಬರೆಯುತ್ತೇವೆ. ಈ ಸಲ ನಮ್ಮ ಒಂದು ತಪ್ಪಿನ ಬಗ್ಗೆ ಬರೆಯುತ್ತಿದ್ದೇವೆ. ಆ ತಪ್ಪಿನಿಂದ ಶುರುವಾದ ಒಂದು ಅಭ್ಯಾಸದ ಬಗ್ಗೆಯೂ. ಯಾರ ವಿಷಯ ಬರುತ್ತದೋ ಆ ಗೆಳೆಯನನ್ನು ಕೇಳಿಯೇ ಬರೆದದ್ದು. "ಬರೆಯಿರಿ, ಹೆಸರು ಮಾತ್ರ ಬೇಡ" ಎಂದಿದ್ದಾನೆ.

ಮರಣದ ಪೂಜೆಯ ದಿನ

ಅದು ಜುಲೈ ತಿಂಗಳು. ಮಳೆ ಬಿಡದೆ ಹೊಯ್ಯುತ್ತಿತ್ತು. ನಮ್ಮ ಗೆಳೆಯನ ಅಜ್ಜಿ ತೀರಿಕೊಂಡಿದ್ದರು. ಮಧ್ಯಾಹ್ನ ಮೂರೂವರೆಗೆ ಮರಣದ ಪೂಜೆ. ಗಾಯನ ಮಂಡಳಿಯಲ್ಲಿ ನಾವೆಲ್ಲ ಇದ್ದೆವು. ಅಜ್ಜಿಗೆ ಕನ್ನಡವೆಂದರೆ ಜೀವ. ಮನೆಮಾತು ಕೊಂಕಣಿಯಾದರೂ ಓದಿದ್ದು ಕನ್ನಡ ಶಾಲೆಯಲ್ಲಿ, ಪ್ರಾರ್ಥಿಸಿದ್ದು ಕನ್ನಡ ಪುಸ್ತಕದಲ್ಲಿ. ಹಾಗಾಗಿ ಮೊದಲ ವಾಚನ ಕನ್ನಡದಲ್ಲೇ ಆಗಲಿ, ಮೊಮ್ಮಗನೇ ಓದಲಿ ಎಂದು ಮನೆಯವರು ನಿಶ್ಚಯಿಸಿದ್ದರು.

ಸಂತ ಪೌಲರು ಕೊರಿಂಥಿಯರಿಗೆ ಬರೆದ ಮೊದಲನೆಯ ಪತ್ರದ ಹದಿನೈದನೇ ಅಧ್ಯಾಯದ ಭಾಗ. ಅವನು ಎದ್ದು ಹೋದ. ಮೊದಲ ಎರಡು ಸಾಲು ಹೇಗೋ ಓದಿದ. ಮೂರನೆಯದರಲ್ಲಿ "ಪುನರುತ್ಥಾನ" ಎಂಬ ಪದ ಬಂತು. "ಪುನ..." ಎಂದ. "ಪುನರು..." ಎಂದ. ಮತ್ತೆ ಮೊದಲಿನಿಂದ "ಪುನ..." ಎಂದ. ಆಮೇಲೆ ಸುಮ್ಮನಾದ.

ಆಗ ನಮ್ಮಲ್ಲಿ ಇಬ್ಬರು ನಕ್ಕೆವು.

ಕೆಟ್ಟ ಮನಸ್ಸಿನಿಂದ ನಕ್ಕದ್ದಲ್ಲ. ಗೆಳೆಯ ತಡವರಿಸಿದಾಗ ಗೆಳೆಯರಿಗೆ ಬರುವ ನಗು, ಅಷ್ಟೇ. ಆದರೆ ಗಾಯನ ಮಂಡಳಿಯ ಮೈಕ್ ಆನ್ ಇತ್ತು. ಆ ನಗು ಇಡೀ ಚರ್ಚಿಗೆ ಕೇಳಿತು. ಶವಪೆಟ್ಟಿಗೆಯ ಪಕ್ಕದಲ್ಲಿ ಕೂತಿದ್ದ ಅವನ ಅಮ್ಮ ತಿರುಗಿ ನೋಡಿದರು. ನಮ್ಮ ವಾಳೆಯ ಗುರಿಕಾರರು ಮೆಲ್ಲನೆ ಎದ್ದು ಹೋಗಿ ಅವನ ಭುಜದ ಮೇಲೆ ಕೈ ಇಟ್ಟು, ಉಳಿದ ಭಾಗವನ್ನು ತಾವೇ ಓದಿ ಮುಗಿಸಿದರು. ಅವನು ತಲೆ ತಗ್ಗಿಸಿ ಬಂದು ಕೂತ.

ಮೂರು ಭಾನುವಾರ ಅವನು ಪೂಜೆಗೆ ಬರಲಿಲ್ಲ. ನಮ್ಮ ಸಭೆಗೂ ಬರಲಿಲ್ಲ. ವಾಟ್ಸಾಪ್ ಗ್ರೂಪಿನಿಂದ ಹೊರಗೆ ಹೋದ. ನಾವು ಒಬ್ಬರಿಗೊಬ್ಬರು "ಕೆಲಸ ಇರಬೇಕು" ಎಂದು ಹೇಳಿಕೊಂಡೆವು. ಕೆಲಸ ಅಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

"ನಾಳೆ" ಎಂಬ ಅಭ್ಯಾಸ

ನಾಲ್ಕನೇ ವಾರ ಫಾದರ್ ನಮ್ಮನ್ನು ಕರೆದು ಒಂದೇ ಮಾತು ಕೇಳಿದರು: "ಅವನ ಮನೆಗೆ ಹೋಗಿದ್ದೀರಾ?" ನಾವು ಹೋಗಿರಲಿಲ್ಲ.

ಆ ಸಂಜೆಯೇ ಐದು ಜನ ಹೋದೆವು. ಅವನ ಅಮ್ಮ ಚಹಾ ಮಾಡಿಕೊಟ್ಟರು, ಏನೂ ಆಗದವರ ಹಾಗೆ ಮಾತಾಡಿದರು. ಅದೇ ಹೆಚ್ಚು ಕಷ್ಟವಾಯಿತು. ನಕ್ಕವರು ಕ್ಷಮೆ ಕೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ:

"ನೀವು ನಕ್ಕದ್ದಕ್ಕೆ ಬೇಜಾರಾದದ್ದು ಹೌದು. ಆದರೆ ನಾನು ಬಾರದೇ ಇದ್ದದ್ದು ಅದಕ್ಕಲ್ಲ."

ಅಜ್ಜಿಗೆ ಕಣ್ಣಿನ ಪೊರೆ ಬಂದು ಒಂದೂವರೆ ವರ್ಷದಿಂದ ಓದಲಿಕ್ಕೆ ಆಗುತ್ತಿರಲಿಲ್ಲವಂತೆ. ಸಕ್ಕರೆ ಕಾಯಿಲೆ ಹೆಚ್ಚಾಗಿ ಆಪರೇಷನ್ ಮುಂದೆ ಹೋಗುತ್ತಲೇ ಇತ್ತು. ದಿನಾ ಸಂಜೆ ತೇರ್ಸ್ ಆದ ಮೇಲೆ ಬೈಬಲ್ ತಂದು ಇವನ ಕೈಗೆ ಕೊಟ್ಟು, "ಒಂದು ಪುಟ ಓದಿ ಹೇಳು ಮಗಾ" ಎನ್ನುತ್ತಿದ್ದರಂತೆ. ಇವನಿಗೆ ಕನ್ನಡ ಓದುವುದು ಕಷ್ಟ. ಅದನ್ನು ಅಜ್ಜಿಯ ಮುಂದೆ ಒಪ್ಪಿಕೊಳ್ಳಲು ನಾಚಿಕೆ. "ನಾಳೆ ಓದ್ತೇನೆ ಅಜ್ಜಿ" ಎನ್ನುತ್ತಿದ್ದ. ಮರುದಿನ ಅಜ್ಜಿ ಮತ್ತೆ ಬೈಬಲ್ ತರುತ್ತಿದ್ದರು. ಇವನು ಮತ್ತೆ "ನಾಳೆ" ಎನ್ನುತ್ತಿದ್ದ.

"ಒಂದೂವರೆ ವರ್ಷ ಹೀಗೇ ಆಯ್ತು. ಕೊನೆಗೆ ಅವರು ಕೇಳದ ಹಾಗೆ ಆದ ಮೇಲೆ ಓದಲಿಕ್ಕೆ ಹೋದೆ. ಅದೂ ಆಗಲಿಲ್ಲ" ಎಂದ.

ಮಳೆಯಲ್ಲಿ ಕೊಡೆ ಹಿಡಿದು ವಾಪಸು ಬರುವಾಗ ಯಾರೂ ಮಾತಾಡಲಿಲ್ಲ. ಒಳ್ಳೆಯ ಕೆಲಸವನ್ನು ದಿನಾ ಮಾಡಿದರೆ ಅಭ್ಯಾಸವಾಗುತ್ತದೆ ಎಂದು ನಮಗೆ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರೆ. ಮಾಡದೇ ಇರುವುದನ್ನೂ ದಿನಾ ಮಾಡುತ್ತಾ ಹೋದರೆ ಅದೂ ಅಭ್ಯಾಸವಾಗುತ್ತದೆ ಎಂದು ಅಂದು ಗೊತ್ತಾಯಿತು. "ನಾಳೆ" ಎಂದು ಐನೂರು ಸಲ ಹೇಳಿದವನಿಗೆ ಐನೂರ ಒಂದನೇ ಸಲ ಅದು ತಾನಾಗಿಯೇ ಬಾಯಿಗೆ ಬರುತ್ತದೆ. ನಮ್ಮ ಪ್ರತಿಯೊಬ್ಬರಲ್ಲೂ ಇಂಥ ಒಂದು "ನಾಳೆ" ಇದೆಯಲ್ಲವೇ?

ನಮಗಾದರೂ ಬರುತ್ತದೆಯೇ?

ಮುಂದಿನ ಸಭೆಯಲ್ಲಿ ಚರ್ಚ್ ಹಾಲಿನ ಬಾಗಿಲು ಹಾಕಿಕೊಂಡು ನಮಗೆ ನಾವೇ ಒಂದು ಪರೀಕ್ಷೆ ಇಟ್ಟುಕೊಂಡೆವು. ಹನ್ನೊಂದು ಜನ ಇದ್ದೆವು. ಅದೇ ವಾಚನವನ್ನು ಒಬ್ಬೊಬ್ಬರೂ ಗಟ್ಟಿಯಾಗಿ ಓದುವುದು. ತಡವರಿಸದೆ ಓದಿದವರು ಇಬ್ಬರು. ಇಬ್ಬರೂ ಕನ್ನಡ ಮಾಧ್ಯಮದಲ್ಲಿ ಕಲಿತವರು. ಉಳಿದ ಒಂಬತ್ತು ಜನ, ಅಂದು ನಕ್ಕವರೂ ಸೇರಿ, ಎಲ್ಲೋ ಒಂದು ಕಡೆ ಸಿಕ್ಕಿಬಿದ್ದೆವು. ಒಬ್ಬರು ಸಿಕ್ಕಿಬಿದ್ದದ್ದು ಅದೇ "ಪುನರುತ್ಥಾನ"ದಲ್ಲಿ.

ನಮ್ಮ ಕಾಸರಗೋಡಿನ ಮಕ್ಕಳ ನಾಲಗೆಯ ಕಥೆ ನಿಮಗೆ ಗೊತ್ತೇ ಇದೆ. ಮನೆಯಲ್ಲಿ ಕೊಂಕಣಿ, ಅಂಗಳ ದಾಟಿದರೆ ತುಳು, ಬಸ್ಸಿನಲ್ಲಿ ಮಲಯಾಳ, ಕಾಲೇಜಿನಲ್ಲಿ ಇಂಗ್ಲಿಷ್. ಕನ್ನಡ ಉಳಿದದ್ದು ಚರ್ಚಿನಲ್ಲಿ, ಯಕ್ಷಗಾನದಲ್ಲಿ, ಅಜ್ಜಿಯರ ಪುಸ್ತಕದಲ್ಲಿ. 1956ರ ನವೆಂಬರ್ 1ರಂದು ನಮ್ಮೂರು ಕೇರಳಕ್ಕೆ ಸೇರಿತು. 2017ರಲ್ಲಿ ಹತ್ತನೇ ತರಗತಿಯವರೆಗೆ ಮಲಯಾಳ ಕಲಿಕೆಯನ್ನು ಕಡ್ಡಾಯ ಮಾಡುವ ಕಾನೂನು ಬಂದಾಗ ಇಲ್ಲಿನ ಕನ್ನಡಿಗರು ಬೀದಿಗಿಳಿದರು. ಅದೆಲ್ಲ ನಿಜ. ಆದರೆ ಆ ದಿನ ಹಾಲಿನಲ್ಲಿ ಕೂತು ಯೋಚಿಸಿದಾಗ ನಾವು ಒಪ್ಪಿಕೊಳ್ಳಬೇಕಾದ ಇನ್ನೊಂದು ನಿಜವೂ ಇತ್ತು. ಮನೆಯ ಕಪಾಟಿನಲ್ಲಿದ್ದ ಕನ್ನಡ ಬೈಬಲನ್ನು ತೆರೆಯಬೇಡ ಎಂದು ಯಾವ ಕಾನೂನೂ ನಮಗೆ ಹೇಳಿರಲಿಲ್ಲ. ಇದೇ ಮಣ್ಣಿನ ಮಂಜೇಶ್ವರ ಗೋವಿಂದ ಪೈಯವರು ಕ್ರೈಸ್ತರಲ್ಲದಿದ್ದರೂ ಪ್ರಭು ಯೇಸುವಿನ ಕೊನೆಯ ದಿನದ ಬಗ್ಗೆ "ಗೊಲ್ಗೊಥಾ" ಎಂಬ ಕನ್ನಡ ಕಾವ್ಯ ಬರೆದರು. ಆ ಯೇಸುವಿನ ಹೆಸರಿನಲ್ಲೇ ಸೇರುವ ನಮಗೆ ಒಂದು ಪುಟ ಕನ್ನಡ ಓದಲು ಬರುತ್ತಿರಲಿಲ್ಲ.

ಟೀಚರ ಜಗಲಿ

ನಮ್ಮ ವಾಳೆಯಲ್ಲಿ ಒಬ್ಬರು ನಿವೃತ್ತ ಟೀಚರ್ ಇದ್ದಾರೆ. ಜೀವನವಿಡೀ ಕನ್ನಡ ಶಾಲೆಯಲ್ಲಿ ಒಂದನೇ ಕ್ಲಾಸಿನ ಮಕ್ಕಳಿಗೆ ಅ ಆ ಇ ಈ ಕಲಿಸಿದವರು. ನಾವು ಹೋಗಿ "ಟೀಚರ್, ಒಂದು ಭಾನುವಾರ ಕ್ಲಾಸ್ ಮಾಡಿಕೊಡ್ತೀರಾ?" ಎಂದು ಕೇಳಿದೆವು.

"ಭಾನುವಾರ ಎಂತ ಕ್ಲಾಸ್? ದಿನಾ ಬನ್ನಿ. ಅರ್ಧ ಗಂಟೆ. ದಿನಾ ಬರಲಿಕ್ಕೆ ಆಗದಿದ್ದರೆ ಬರುವುದೇ ಬೇಡ" ಎಂದರು.

ಹೀಗೆ ಆಗಸ್ಟ್ ಕೊನೆಯಲ್ಲಿ ಶುರುವಾಯಿತು. ಏಳು ಗಂಟೆಗೆ ಮನೆಮನೆಯಲ್ಲಿ ತೇರ್ಸ್, ಏಳೂವರೆಗೆ ಟೀಚರ ಜಗಲಿ. ನಮ್ಮ ಗೆಳೆಯನನ್ನೂ ಕರೆದೆವು. ಮೊದಲ ವಾರ ಬರಲಿಲ್ಲ, ಎರಡನೇ ವಾರ ಬಂದು ಮೂಲೆಯಲ್ಲಿ ಕೂತ. ಟೀಚರು ಅವನನ್ನು ಏನೂ ಕೇಳಲಿಲ್ಲ.

ಕ್ರಮ ಬಹಳ ಸರಳ. ಬರುವ ಭಾನುವಾರದ ಮೊದಲ ವಾಚನವನ್ನು ಸೋಮವಾರದಿಂದ ಶನಿವಾರದವರೆಗೆ ದಿನಾ ಓದುವುದು. ಬೇರೆ ಏನೂ ಇಲ್ಲ. ಹತ್ತು ಹನ್ನೆರಡು ಸಾಲು, ಅದೇ ಸಾಲು. ಓದಿ ಮುಗಿಸಿ ತಲೆ ಎತ್ತಿದರೆ ಟೀಚರು ಹೇಳುವುದು ಒಂದೇ ಮಾತು: "ಇನ್ನೊಮ್ಮೆ ಓದು ಮಗಾ." ಹುಡುಗಿಯರಿಗೂ ಮಗಾ, ಹುಡುಗರಿಗೂ ಮಗಾ. ಮತ್ತೆ ಓದಿದರೆ ಮತ್ತೆ "ಇನ್ನೊಮ್ಮೆ ಓದು ಮಗಾ."

ಎರಡನೇ ವಾರಕ್ಕೆ ಹನ್ನೊಂದು ಜನ ಒಂಬತ್ತಾದೆವು. ಸೆಪ್ಟೆಂಬರ್ 8ರ ಮೊಂತಿ ಹಬ್ಬದ ಗಡಿಬಿಡಿ ಮುಗಿಯುವಾಗ ಆರು ಜನ ಉಳಿದೆವು. ಬಿಟ್ಟವರನ್ನು ನಾವು ದೂರುವುದಿಲ್ಲ. ಒಬ್ಬರಿಗೆ ಮಂಗಳೂರಿನಲ್ಲಿ ರಾತ್ರಿ ಪಾಳಿಯ ಕೆಲಸ ಸಿಕ್ಕಿತು, ಇನ್ನೊಬ್ಬರಿಗೆ ಪರೀಕ್ಷೆ. ಉಳಿದವರಿಗೂ ನಿಜ ಹೇಳಬೇಕೆಂದರೆ ಬೋರಾಗುತ್ತಿತ್ತು. ಅದೇ ಜಗಲಿ, ಅದೇ ಸಾಲು, ಅದೇ ಸೊಳ್ಳೆ.

ಟೀಚರ ಪಕ್ಕದ ಮನೆಯ ಅಕ್ಕ ಬೀಡಿ ಕಟ್ಟುವವರು. ಅವರ ಮನೆಯ ಜಗಲಿಯ ಬಲ್ಬು ಕೆಟ್ಟಿದ್ದರಿಂದ ಗೆರಸೆ ಹಿಡಿದುಕೊಂಡು ಇಲ್ಲಿಗೇ ಬಂದು ಕೂರುತ್ತಿದ್ದರು. ನಾವು ಓದುತ್ತಿದ್ದರೆ ಅವರು ಎಲೆ ಕತ್ತರಿಸುತ್ತಾ, ಹೊಗೆಸೊಪ್ಪು ಹಾಕಿ ಸುತ್ತುತ್ತಾ, ನೂಲು ಕಟ್ಟುತ್ತಾ ಇರುತ್ತಿದ್ದರು. ಒಂದು ಗುರುವಾರ ನಮ್ಮಲ್ಲೊಬ್ಬ ಒಂದು ಪದ ಬಿಟ್ಟು ಓದಿದ. ಟೀಚರು ಬಾಯಿ ತೆರೆಯುವ ಮೊದಲೇ ಅಕ್ಕ ಬೀಡಿಯಿಂದ ಕಣ್ಣೆತ್ತದೆ ಹೇಳಿದರು: "ಅಲ್ಲಿ 'ಆದುದರಿಂದ' ಅಂತ ಉಂಟು ಮಾರಾಯ." ನಾಲ್ಕು ದಿನ ಕೇಳಿಯೇ ಅವರಿಗೆ ಬಾಯಿಪಾಠ ಆಗಿತ್ತು! ನಾವೆಲ್ಲ ನಕ್ಕೆವು. ಈ ಸಲದ ನಗುವಿನಲ್ಲಿ ನಮ್ಮ ಗೆಳೆಯನೂ ಇದ್ದ.

ಆ ಅಕ್ಕನ ಬೆರಳು ನೋಡುವುದೇ ಒಂದು ಪಾಠ. ಹಿಂದೆ ಕೆಲಸ ಜಾಸ್ತಿ ಇದ್ದಾಗ ದಿನಕ್ಕೆ ಸಾವಿರ ಬೀಡಿ ಕಟ್ಟುತ್ತಿದ್ದರಂತೆ. "ಮೊದಲು ಮೊದಲು ನಾನು ಕಟ್ಟಿದ್ದನ್ನು ಬ್ರಾಂಚಿನಲ್ಲಿ ವಾಪಸು ಎಸೆಯುತ್ತಿದ್ದರು. ಅತ್ತುಕೊಂಡು ಮನೆಗೆ ಬರುತ್ತಿದ್ದೆ. ಮರುದಿನ ಮತ್ತೆ ಎಲೆ ನೆನೆಸಿ ಕೂರುವುದು. ಎಂತ ಮಾಡುವುದು, ಮಕ್ಕಳ ಫೀಸು ಕಟ್ಟಬೇಕಲ್ಲ" ಎಂದರು. ನಮಗೆ ಬೋರು ಎನ್ನುವ ಸೌಕರ್ಯ ಇದೆ. ಒಂದೇ ಕೆಲಸವನ್ನು ಸಾವಿರ ಸಲ ಮಾಡಿ ಮನೆ ನಡೆಸಿದವರಿಗೆ ಆ ಸೌಕರ್ಯ ಇರಲಿಲ್ಲ. ನಮ್ಮಲ್ಲಿ ಎಷ್ಟೋ ಜನರ ಡಿಗ್ರಿ ಇಂಥ ಬೆರಳುಗಳಿಂದಲೇ ಬಂದದ್ದು.

ಹತ್ತನೇ ಸಲ ಏನಾಗುತ್ತದೆ

ಒಂದೇ ಪುಟವನ್ನು ಮತ್ತೆ ಮತ್ತೆ ಓದಿದರೆ ಏನಾಗುತ್ತದೆ ಎಂದು ಈಗ ನಾವು ಅನುಭವದಿಂದ ಹೇಳಬಲ್ಲೆವು.

ಮೊದಲ ಎರಡು ಸಲ ಅಕ್ಷರದ ಜೊತೆ ಗುದ್ದಾಟ. "ಪ್ರಾರ್ಥನೆ" ಎಂಬಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವುದು ಅಕ್ಷರದ ಆಮೇಲೆ, ಬಾಯಲ್ಲಿ ಬರಬೇಕಾದದ್ದು ಅಕ್ಷರದ ಮೊದಲು. ಮಲಯಾಳ ಲಿಪಿ ಕಲಿತ ನಮ್ಮ ಕಣ್ಣಿಗೆ ಇದು ಬಹಳ ಕಾಟ ಕೊಟ್ಟಿತು. ಮೂರು ನಾಲ್ಕನೇ ಸಲಕ್ಕೆ ಅಕ್ಷರ ದಾರಿ ಬಿಡುತ್ತದೆ, ಆಗ ಉಸಿರಿನ ತೊಂದರೆ ಶುರು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ನಿಲ್ಲಿಸಿದರೆ ಅರ್ಥ ಕೆಡುತ್ತದೆ ಎಂದು ತಿಳಿಯುವುದಿಲ್ಲ. ಆರೇಳನೇ ಸಲಕ್ಕೆ ಅರ್ಥ ಕೇಳಿಸತೊಡಗುತ್ತದೆ. ಹತ್ತನೇ ಸಲ ಆಗುವಾಗ ಅದರಲ್ಲಿರುವ ಮನುಷ್ಯರು ಕಾಣುತ್ತಾರೆ.

ಅಕ್ಟೋಬರ್‌ನಲ್ಲಿ ಒಂದು ವಾರ ನಾಮಾನನ ಕಥೆ ಬಂತು. ಅರಸುಗಳ ಎರಡನೆಯ ಗ್ರಂಥದ ಐದನೇ ಅಧ್ಯಾಯ. ಪೂಜೆಯಲ್ಲಿ ಓದುವುದು ಒಂದು ತುಂಡು ಮಾತ್ರ, ಆದರೆ ಟೀಚರು ಇಡೀ ಅಧ್ಯಾಯ ಓದಿಸಿದರು. ಸಿರಿಯಾದ ದೊಡ್ಡ ಸೇನಾಪತಿ, ಕುಷ್ಠರೋಗ. ಪ್ರವಾದಿ ಎಲೀಷ ಹೊರಗೆ ಬಂದು ಮುಖವನ್ನೂ ತೋರಿಸದೆ, ಜೋರ್ಡನ್ ನದಿಯಲ್ಲಿ ಏಳು ಸಲ ಮುಳುಗು ಎಂದು ಆಳಿನ ಮೂಲಕ ಹೇಳಿ ಕಳಿಸುತ್ತಾನೆ. ನಾಮಾನನಿಗೆ ಸಿಟ್ಟು ಬರುತ್ತದೆ. ನಮ್ಮೂರಲ್ಲಿ ಇದಕ್ಕಿಂತ ಒಳ್ಳೆಯ ನದಿ ಇಲ್ಲವೇ ಎಂದು ಹೊರಟೇ ಬಿಡುತ್ತಾನೆ. ಆಗ ಅವನ ಸೇವಕರು, ದೊಡ್ಡ ಕೆಲಸ ಏನಾದರೂ ಹೇಳಿದ್ದರೆ ಮಾಡುತ್ತಿದ್ದೆಯಲ್ಲವೇ, ಇಷ್ಟು ಸಣ್ಣದನ್ನು ಮಾಡಬಾರದೇ ಎಂದು ಸಮಾಧಾನ ಹೇಳುತ್ತಾರೆ.

ಈ ಕಥೆಯನ್ನು ನಾವು ಚಿಕ್ಕಂದಿನಿಂದ ಕೇಳಿದ್ದೆವು. ಆದರೆ ಆ ವಾರದ ಶುಕ್ರವಾರ, ಎಷ್ಟನೇ ಸಲವೋ ಓದುವಾಗ, ನಮ್ಮಲ್ಲೊಬ್ಬಳು ಕೇಳಿದಳು: "ಮೂರನೇ ಸಲ ಮುಳುಗಿ ಎದ್ದಾಗ ಅವನ ಮೈ ಹೇಗಿತ್ತು ಟೀಚರ್? ನಾಲ್ಕನೇ ಸಲ?" ಟೀಚರು ಹೇಳಿದರು: "ಎಂತದೂ ಬದಲಾಗಿತ್ತು ಅಂತ ಪುಸ್ತಕದಲ್ಲಿ ಇಲ್ಲ. ಏಳನೇದು ಆದ ಮೇಲೆಯೇ ಗುಣ ಆದದ್ದು ಬರೆದಿದ್ದಾರೆ. ನಡುವೆ ಆರು ಸಲ ಅವನು ಸುಮ್ಮನೆ ಒದ್ದೆಯಾದ ಅಂತ ಇಟ್ಟುಕೊಳ್ಳಿ."

ನಾವು ಆರನೇ ವಾರದಲ್ಲಿದ್ದೆವು. ಸುಮ್ಮನೆ ಒದ್ದೆಯಾಗುವುದೆಂದರೆ ಏನು ಎಂದು ನಮಗೆ ಚೆನ್ನಾಗಿ ಗೊತ್ತಿತ್ತು.

ಅದರ ಮುಂದಿನ ಭಾನುವಾರದ ವಾಚನ ವಿಮೋಚನಾಕಾಂಡದ್ದು. ಮೋಶೆ ಬೆಟ್ಟದ ಮೇಲೆ ಕೈಯೆತ್ತಿ ಪ್ರಾರ್ಥಿಸುವಾಗ ಇಸ್ರಯೇಲರಿಗೆ ಜಯ, ಕೈ ಸೋತು ಇಳಿದಾಗ ಅಮಾಲೇಕ್ಯರಿಗೆ ಜಯ. ಆರೋನ ಮತ್ತು ಹೂರ ಅವನನ್ನು ಕಲ್ಲಿನ ಮೇಲೆ ಕೂರಿಸಿ, ಆಚೆ ಈಚೆ ನಿಂತು ಕೈ ಹಿಡಿದುಕೊಂಡರು. ಆ ವಾರ ನಾವೊಂದು ನಿಯಮ ಮಾಡಿಕೊಂಡೆವು. ಒಬ್ಬರು ಬಾರದಿದ್ದರೆ ಮೆಸೇಜ್ ಮಾಡುವುದಲ್ಲ, ಮನೆಗೆ ಹೋಗಿ ಕರೆದುಕೊಂಡು ಬರುವುದು. ನಾವು ಆರು ಜನ ಉಳಿದದ್ದು ನಮ್ಮ ಮನೋಬಲದಿಂದ ಅಲ್ಲ, ಈ ನಿಯಮದಿಂದ.

ಬರೇ ಪುನರುಚ್ಚಾರವೇ?

ಕಾಲೇಜಿನಲ್ಲಿ ಬೇರೆ ಸಭೆಗೆ ಸೇರಿದ ಒಬ್ಬ ಸ್ನೇಹಿತ ನಮ್ಮನ್ನು ಕೇಳಿದ್ದುಂಟು: "ನೀವು ಜಪಸರದಲ್ಲಿ ಒಂದೇ ಪ್ರಾರ್ಥನೆಯನ್ನು ಐವತ್ತಮೂರು ಸಲ ಹೇಳುತ್ತೀರಲ್ಲ, ಹಾಗೆ ವ್ಯರ್ಥವಾಗಿ ಮಾತು ಬೆಳೆಸಬೇಡಿ ಎಂದು ಯೇಸುವೇ ಹೇಳಿಲ್ಲವೇ?"

ಒಳ್ಳೆಯ ಪ್ರಶ್ನೆ. ಮತ್ತಾಯನ ಶುಭಸಂದೇಶದ ಆರನೇ ಅಧ್ಯಾಯದಲ್ಲಿ ಆ ಎಚ್ಚರಿಕೆ ಇದೆ. ಆದರೆ ಅದೇ ಮತ್ತಾಯನ ಇಪ್ಪತ್ತಾರನೇ ಅಧ್ಯಾಯದಲ್ಲಿ, ಗೆತ್ಸೆಮನೆ ತೋಪಿನಲ್ಲಿ, ಯೇಸು ಮೂರನೇ ಸಲವೂ ಹೋಗಿ ಅದೇ ಮಾತುಗಳಲ್ಲಿ ಪ್ರಾರ್ಥಿಸಿದರು ಎಂದೂ ಇದೆ. ಕೀರ್ತನೆ 136ರಲ್ಲಿ 26 ಚರಣಗಳಿವೆ, ಇಪ್ಪತ್ತಾರರಲ್ಲೂ ಅದೇ ಪಲ್ಲವಿ ಮರಳಿ ಬರುತ್ತದೆ. ಯೇಸು ಬೇಡವೆಂದದ್ದು ಮನಸ್ಸಿಲ್ಲದ ಮಾತನ್ನು, ಮರಳಿ ಹೇಳುವುದನ್ನಲ್ಲ ಎಂದು ನಮಗೆ ಅನ್ನಿಸುತ್ತದೆ.

ಹಾಗೆಂದು ನಾವು ಗೆದ್ದೆವು ಎಂದುಕೊಳ್ಳುವ ಹಾಗಿಲ್ಲ. ನಮ್ಮ ತೇರ್ಸ್ ಎಷ್ಟು ಸಲ ಎಕ್ಸ್‌ಪ್ರೆಸ್ ರೈಲಿನ ಹಾಗೆ ಓಡುತ್ತದೆ! ನಾಯಕ ಅರ್ಧ ಹೇಳುವ ಮೊದಲೇ ನಾವು ಉತ್ತರ ಶುರು ಮಾಡಿರುತ್ತೇವೆ, ಒಂದು ಕಣ್ಣು ಗಡಿಯಾರದ ಮೇಲೆ. ಆ ಸ್ನೇಹಿತನ ಪ್ರಶ್ನೆ ನಮ್ಮ ಜಪಸರಕ್ಕಲ್ಲ, ನಮ್ಮ ಅವಸರಕ್ಕೆ ಸರಿಯಾಗಿ ತಾಗುತ್ತದೆ.

ಗಮನವಿಲ್ಲದ ಪುನರಾವರ್ತನೆ ಬರೇ ನಿರುಪಯೋಗಿ ಅಲ್ಲ, ಅಪಾಯವೂ ಹೌದು. ನಮ್ಮಲ್ಲೊಬ್ಬ "ಪುನರುತ್ತಾನ" ಎಂದು ತಪ್ಪಾಗಿ ಮನೆಯಲ್ಲಿ ಇಪ್ಪತ್ತು ಸಲ ಓದಿಕೊಂಡು ಬಂದ. ತಪ್ಪು ಗಟ್ಟಿಯಾಗಿ ಕೂತಿತು. ಅದನ್ನು ಬಿಡಿಸಲು ಟೀಚರಿಗೆ ಎರಡು ವಾರ ಬೇಕಾಯಿತು. "ವೇಗ ಬೇಡ. ಸರಿಯಾಗಿ ನಿಧಾನಕ್ಕೆ ಮೂರು ಸಲ ಓದು, ಸಾಕು" ಎಂದರು. ನಮ್ಮ ಹೆಬ್ಬೆರಳು ಮೊಬೈಲಿನ ಮೇಲೆ ದಿನಕ್ಕೆ ಎಷ್ಟು ನೂರು ಸಲ ಕೆಳಗಿನಿಂದ ಮೇಲಕ್ಕೆ ಜಾರುತ್ತದೆ! ಅದೂ ಅಭ್ಯಾಸವೇ, ಅದೂ ನಮ್ಮನ್ನು ಏನೋ ಒಂದಾಗಿ ರೂಪಿಸುತ್ತಿದೆ. ಏನಾಗಿ ಎಂಬುದನ್ನು ನಾವೇ ಕೇಳಿಕೊಳ್ಳಬೇಕು.

ಲ್ಯಾಬಿನಲ್ಲಿ ಕಲಿತದ್ದು

ನಮ್ಮಲ್ಲಿ ಬಿಎಸ್ಸಿ ಮಾಡಿದವರಿಗೆ ಟೈಟ್ರೇಷನ್ ನೆನಪಿರಬಹುದು. ಬ್ಯುರೆಟ್ಟಿನಲ್ಲಿ ಸೋಡಿಯಂ ಹೈಡ್ರಾಕ್ಸೈಡ್, ಕೆಳಗೆ ಫ್ಲಾಸ್ಕಿನಲ್ಲಿ ಆಮ್ಲ, ಎರಡು ಹನಿ ಫಿನಾಲ್ಫ್ತಲೀನ್. ತಿಳಿ ಗುಲಾಬಿ ಬಣ್ಣ ಬಂದು ನಿಂತ ಕ್ಷಣ ನಿಲ್ಲಿಸಬೇಕು. ಮೊದಲ ಸಲ ಯಾವಾಗಲೂ ಒಂದೆರಡು ಹನಿ ಹೆಚ್ಚಾಗಿ ಕಡು ಗುಲಾಬಿ ಆಗುತ್ತದೆ. ಆ ರೀಡಿಂಗನ್ನು ಯಾರೂ ಉತ್ತರ ಎಂದು ಬರೆಯುವುದಿಲ್ಲ. ಅದು ಎಲ್ಲಿ ನಿಧಾನಿಸಬೇಕು ಎಂದು ತಿಳಿಸಲಿಕ್ಕೆ ಮಾತ್ರ. ಫ್ಲಾಸ್ಕ್ ತೊಳೆದು ಮತ್ತೆ ಮಾಡುತ್ತೇವೆ, ಎರಡು ರೀಡಿಂಗ್ ಒಂದಕ್ಕೊಂದು ಹೊಂದುವವರೆಗೆ ಮಾಡುತ್ತಲೇ ಇರುತ್ತೇವೆ. ಲ್ಯಾಬಿನಲ್ಲಿ ಮೊದಲ ರೀಡಿಂಗ್ ತಪ್ಪಿದರೆ ಯಾರೂ ಅಳುವುದಿಲ್ಲ, ಯಾರೂ ನಗುವುದೂ ಇಲ್ಲ. ನಮ್ಮ ಗೆಳೆಯ ಮರಣದ ಪೂಜೆಯಲ್ಲಿ ಓದಿದ್ದು ಅವನ ಮೊದಲ ರೀಡಿಂಗ್ ಆಗಿತ್ತು. ನಾವು ಅದನ್ನೇ ಉತ್ತರ ಎಂದು ಬರೆದುಬಿಟ್ಟಿದ್ದೆವು.

ಇನ್ನೊಂದು ವಿಷಯ. ಹೆರ್ಮನ್ ಎಬಿಂಗ್‌ಹೌಸ್ ಎಂಬ ಜರ್ಮನ್ ಮನೋವಿಜ್ಞಾನಿ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ನೆನಪಿನ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದ. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆತುಹೋಗುತ್ತದೆ ಎಂದು ಅಳೆದ. ಕಲಿತ ಕೂಡಲೇ ಮರೆವು ಬೇಗ ಬೇಗ ಆಗುತ್ತದೆ, ಆಮೇಲೆ ನಿಧಾನವಾಗುತ್ತದೆ. ಒಂದೇ ದಿನ ಬಹಳ ಸಲ ಓದುವುದಕ್ಕಿಂತ, ಅಷ್ಟನ್ನೇ ಕೆಲವು ದಿನಗಳಲ್ಲಿ ಹಂಚಿ ಓದಿದರೆ ಹೆಚ್ಚು ನಿಲ್ಲುತ್ತದೆ. ಶನಿವಾರ ರಾತ್ರಿ ಮೂವತ್ತು ಸಲ ಓದುವುದಕ್ಕಿಂತ ಸೋಮವಾರದಿಂದ ದಿನಕ್ಕೆ ಐದು ಸಲ ಓದುವುದು ಮೇಲು. "ದಿನಾ ಬನ್ನಿ, ಇಲ್ಲದಿದ್ದರೆ ಬರುವುದೇ ಬೇಡ" ಎಂದ ನಮ್ಮ ಟೀಚರು ಎಬಿಂಗ್‌ಹೌಸನನ್ನು ಓದಿದವರಲ್ಲ. ಒಂದನೇ ಕ್ಲಾಸಿನ ಮಕ್ಕಳನ್ನು ಓದಿದವರು.

ವರ್ಷದ ಪೂಜೆ

ಮತ್ತೆ ಜುಲೈ ಬಂತು, ಮಳೆಯೂ ಬಂತು. ಅಜ್ಜಿಯ ವರ್ಷದ ಪೂಜೆ. ವಾಚನ ಓದುವವರು ಯಾರು ಎಂದು ಫಾದರ್ ಕೇಳಿದಾಗ ಅವನೇ "ನಾನು ಓದ್ತೇನೆ ಫಾದರ್" ಎಂದನಂತೆ. ಅದೇ ವಾಚನ ಬೇಕೆಂದೂ ಕೇಳಿಕೊಂಡನಂತೆ.

ನಾವು ಗಾಯನ ಮಂಡಳಿಯಲ್ಲಿ ಕೂತಿದ್ದೆವು. ಈ ಸಲ ಮೈಕ್ ಆಫ್ ಮಾಡಿದ್ದನ್ನು ಮೂರು ಜನ ಮೂರು ಸಲ ನೋಡಿದೆವು. ಟೀಚರು ಎದುರಿನ ಮೂರನೇ ಬೆಂಚಿನಲ್ಲಿ. ಹಿಂದಿನ ಬಾಗಿಲ ಹತ್ತಿರ ಬೀಡಿ ಕಟ್ಟುವ ಅಕ್ಕನೂ ಬಂದು ನಿಂತಿದ್ದರು.

ಅವನು ಓದಿದ. "ಪುನರುತ್ಥಾನ" ಬಂತು, ದಾಟಿತು. ನಮ್ಮ ಎದೆ ಹಗುರವಾಯಿತು. ಆದರೆ ಕೊನೆಯ ಸಾಲಿಗೆ ಬರುವಾಗ, ಅವನ ಅಮ್ಮ ಅಳುವುದು ಕೇಳಿಸಿತೋ ಏನೋ, ತೀರಾ ಸುಲಭದ ಒಂದು ಪದದಲ್ಲಿ ಗಂಟಲು ಕಟ್ಟಿತು. ನಿಂತ. ಚರ್ಚು ಮತ್ತೆ ನಿಶ್ಶಬ್ದವಾಯಿತು. ಗುರಿಕಾರರು ಕದಲಲಿಲ್ಲ. ಯಾರೂ ಕದಲಲಿಲ್ಲ. ಅವನು ಒಮ್ಮೆ ಉಸಿರು ತೆಗೆದುಕೊಂಡು, ಸಾಲಿನ ಮೊದಲಿಗೆ ಹಿಂದೆ ಹೋಗಿ, ಇನ್ನೊಮ್ಮೆ ಓದಿದ. ಮುಗಿಸಿದ. ಪೀಠಕ್ಕೆ ತಲೆಬಾಗಿ ಕೆಳಗಿಳಿದ.

ಹತ್ತು ತಿಂಗಳು ಓದಿದ ಮೇಲೂ ತಡವರಿಸಿದನಲ್ಲ ಎಂದು ಯಾರಾದರೂ ಕೇಳಬಹುದು. ಹೌದು, ತಡವರಿಸಿದ. ಆದರೆ ಹಿಂದಿನ ವರ್ಷ ಅವನಿಗೆ ಗೊತ್ತಿಲ್ಲದ ಒಂದು ಈಗ ಗೊತ್ತಿತ್ತು: ಬಿದ್ದ ಸಾಲಿಗೆ ವಾಪಸು ಹೋಗುವುದು. ಹತ್ತು ತಿಂಗಳು ಜಗಲಿಯಲ್ಲಿ ನಾವೆಲ್ಲ ಮಾಡಿದ್ದು ಅದನ್ನೇ. ಪಾಪನಿವೇದನೆಗೆ ಹೋದಾಗಲೂ ಅದೇ ಹಳೆಯ ತಪ್ಪುಗಳನ್ನೇ ಹೇಳಿಕೊಳ್ಳುತ್ತೇವೆ ಎಂದು ನಮಗೆ ನಾಚಿಕೆಯಾಗುತ್ತದೆ. ಹಾಗಾದರೂ ವಾಪಸು ಹೋಗುತ್ತೇವಲ್ಲ, ಅದಕ್ಕೂ ಅಭ್ಯಾಸ ಬೇಕು.

ಪೂಜೆ ಮುಗಿದು ಸಮಾಧಿಯ ಹತ್ತಿರ ಮೇಣದ ಬತ್ತಿ ಹಚ್ಚುವಾಗ ಅವನು ಹೇಳಿದ: "ಅಜ್ಜಿಗೆ ಓದಿ ಹೇಳಲಿಕ್ಕೆ ಆಗಲಿಲ್ಲ ಅನ್ನುವುದು ಹೋಗುವುದಿಲ್ಲ." ನಾವು ಹೋಗುತ್ತದೆ ಎಂದು ಸುಳ್ಳು ಸಮಾಧಾನ ಹೇಳಲಿಲ್ಲ. ಈಗ ಅವನು ಪ್ರತಿ ಶನಿವಾರ ಸಂಜೆ ನಮ್ಮ ವಾಳೆಯಲ್ಲಿ ಹಾಸಿಗೆ ಹಿಡಿದಿರುವ ಒಬ್ಬ ಅಜ್ಜನಿಗೆ ಮರುದಿನದ ಶುಭಸಂದೇಶ ಓದಿ ಹೇಳುತ್ತಾನೆ. ಅಜ್ಜ ಅರ್ಧದಲ್ಲಿ ನಿದ್ದೆ ಹೋಗುತ್ತಾರಂತೆ. ಇವನು ಮುಗಿಸಿಯೇ ಬರುತ್ತಾನೆ.

ನಿಮಗೆ ಒಂದು ಕೋರಿಕೆ

ಹದಿನೇಳನೇ ಶತಮಾನದಲ್ಲಿ ಪ್ಯಾರಿಸಿನ ಕಾರ್ಮೆಲ್ ಮಠದಲ್ಲಿ ಬ್ರದರ್ ಲಾರೆನ್ಸ್ ಎಂಬ ಸಹೋದರರಿದ್ದರು. ಅವರ ಕೆಲಸ ಅಡುಗೆ ಮನೆಯಲ್ಲಿ, ಆಮೇಲೆ ಚಪ್ಪಲಿ ರಿಪೇರಿ. ದಿನಾ ಅದೇ ಪಾತ್ರೆ, ಅದೇ ಒಲೆ. ಆ ಕೆಲಸದ ನಡುವೆಯೇ ದೇವರ ಸನ್ನಿಧಿಯಲ್ಲಿರುವುದನ್ನು ಅವರು ಅಭ್ಯಾಸ ಮಾಡಿಕೊಂಡರು. ಅವರ ಮಾತುಗಳನ್ನೂ ಪತ್ರಗಳನ್ನೂ ಇಂದಿಗೂ ಜನ ಓದುತ್ತಾರೆ. ನಮ್ಮ ಅಮ್ಮಂದಿರ ದಿನವೂ ಹೆಚ್ಚು ಕಡಿಮೆ ಹೀಗೆಯೇ ಇರುತ್ತದೆ, ಅದನ್ನು ಯಾರೂ ಪುಸ್ತಕ ಮಾಡಿಲ್ಲ ಅಷ್ಟೇ.

ನಿಮಗೂ ಒಂದು "ನಾಳೆ" ಇರಬಹುದು. ಕನ್ನಡ ಓದುವುದೇ ಆಗಬೇಕಿಲ್ಲ. ಗಲ್ಫಿನಲ್ಲಿರುವ ಅಣ್ಣನಿಗೆ ಫೋನ್ ಮಾಡುವುದಿರಬಹುದು, ಅಪ್ಪನ ಜೊತೆ ಹತ್ತು ನಿಮಿಷ ಕೂರುವುದಿರಬಹುದು, ಬಿಟ್ಟುಹೋದ ಗಿಟಾರ್ ಇರಬಹುದು, ಬಾಕಿ ಉಳಿದ ಪೇಪರ್ ಇರಬಹುದು. ನಾವು ಕಲಿತದ್ದು ಇಷ್ಟು: ಸಣ್ಣದನ್ನು ಆರಿಸಿಕೊಳ್ಳಿ, ಹತ್ತು ಸಾಲು ಸಾಕು. ದಿನಾ ಒಂದೇ ಹೊತ್ತಿಗೆ ಮಾಡಿ. ನಮಗೆ ತೇರ್ಸ್ ಆದ ಮೇಲೆ ಎಂಬ ಗುರುತು ಬಹಳ ಸಹಾಯ ಮಾಡಿತು. ಒಬ್ಬರೇ ಮಾಡಬೇಡಿ, ಬಾರದಿದ್ದರೆ ಮನೆಗೆ ಬಂದು ಕರೆಯುವ ಒಬ್ಬರಾದರೂ ಇರಲಿ. ತಪ್ಪನ್ನು ಅವಸರದಲ್ಲಿ ಇಪ್ಪತ್ತು ಸಲ ಮಾಡುವ ಬದಲು ಸರಿಯನ್ನು ನಿಧಾನವಾಗಿ ಮೂರು ಸಲ ಮಾಡಿ. ಒಂದು ದಿನ ತಪ್ಪಿಹೋದರೆ ಅಲ್ಲಿಗೇ ಕೈಬಿಡಬೇಡಿ, ಆ ಸಾಲಿಗೆ ವಾಪಸು ಹೋಗಿ. ಇನ್ನೊಬ್ಬರು ತಮ್ಮ ಮೊದಲ ಸಲದಲ್ಲಿ ತಡವರಿಸುವಾಗ, ದಯವಿಟ್ಟು, ನಗಬೇಡಿ.

ಟೀಚರ ಜಗಲಿಯಲ್ಲಿ ನಾವು ಈಗಲೂ ಆರೇ ಜನ. ಕೆಲವು ವಾರ ಐದು. ಅಕ್ಕನ ಮನೆಯ ಬಲ್ಬು ಸರಿಯಾಗಿದೆ, ಆದರೂ ಅವರು ಇಲ್ಲಿಗೇ ಬರುತ್ತಾರೆ. ಜಾಗ ಇನ್ನೂ ಉಂಟು. ಸಂಜೆ ಏಳೂವರೆಗೆ ಬನ್ನಿ. ಪ್ರಭು ನಮ್ಮೆಲ್ಲರ ಸಣ್ಣ ಸಣ್ಣ ಪ್ರಯತ್ನಗಳನ್ನು ಆಶೀರ್ವದಿಸಲಿ.